ಬೆಳೆನೋ ಬೇಳೆನೋ? ಗಡಿ ತಾಲೂಕಿನ ಮಕ್ಕಳು ಅಕ್ಷರ ತಪ್ಪೋದು ಎಲ್ಲಿ, ಮನೆಯಲ್ಲಿ ತಿದ್ದೋದು ಹೇಗೆ?

ಚಿಕ್ಕೋಡಿ: ಕಿರಾಣಿ ಅಂಗಡಿಗೆ ಹುಡುಗ ತಂದ ಯಾದಿಯಲ್ಲಿ ‘ತೊಗರಿ ಬೆಳೆ 1 ಕೆಜಿ’ ಅಂತ ಇರುತ್ತದೆ. ಬೆಳೆ ಹೊಲದಲ್ಲಿರೋದು, ಅಂಗಡಿಯಲ್ಲಿ ಸಿಗೋದು ಬೇಳೆ. ಇನ್ನೊಂದು ಮಗು ಅದನ್ನೇ ‘ಬ್ಯಾಳಿ’ ಅಂತ ಬರೆದಿರುತ್ತದೆ. ಅಂಗಡಿಯವರು ನಕ್ಕು ಸಾಮಾನು ಕಟ್ಟಿ ಕೊಡ್ತಾರೆ, ಅಲ್ಲಿಗೆ ಮುಗೀತು. ಆದರೆ ಅದೇ ತಪ್ಪು ಶಾಲೆಯ ಉಕ್ತಲೇಖನದಲ್ಲಿ ಬಂದರೆ ಪಾಟಿ ತುಂಬ ಕೆಂಪು ಗೆರೆ, ಮನೆಯಲ್ಲಿ ‘ಇವಗ ತಲೀನ ಇಲ್ಲ’ ಅನ್ನೋ ಮಾತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಚಿಕ್ಕ ಮಕ್ಕಳು ಮಾಡುವ ಬಹಳಷ್ಟು ಅಕ್ಷರ ತಪ್ಪುಗಳಿಗೆ ದಡ್ಡತನ ಕಾರಣವಲ್ಲ. ಮನೆಯ ಮಾತು ಬೇರೆ, ಪುಸ್ತಕದ ಮಾತು ಬೇರೆ, ಪಕ್ಕದ ಭಾಷೆಯ ಲಿಪಿ ಬೇರೆ. ಈ ಮೂರರ ನಡುವೆ ಮಗು ಸಿಕ್ಕಿಕೊಂಡಿರುತ್ತದೆ. ತಪ್ಪು ಎಲ್ಲಿಂದ ಬಂತು ಅಂತ ಗೊತ್ತಾದರೆ ತಿದ್ದೋದು ದೊಡ್ಡ ಕೆಲಸವಲ್ಲ. ದಿನಕ್ಕೆ ಹತ್ತು ನಿಮಿಷ ಸಾಕು.

ಮೂರನೇ ತರಗತಿ ಯಾಕೆ ಮುಖ್ಯ?

ಬೆಳಗಾವಿ ಕಂದಾಯ ಲೆಕ್ಕದಲ್ಲಿ ಒಂದೇ ಜಿಲ್ಲೆ, ಶಿಕ್ಷಣ ಇಲಾಖೆ ಲೆಕ್ಕದಲ್ಲಿ ಎರಡು. ಈ ಐದೂ ತಾಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಇಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಶಾಲೆಗಳಿವೆ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಇಲ್ಲವೇ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಅಂದರೆ ಮನೆಮಾತು ಯಾವುದೇ ಇರಲಿ, ಇಲ್ಲಿನ ಮಗು ಕನ್ನಡ ಅಕ್ಷರ ಬರೆಯಲೇಬೇಕು.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಶುರು ಮಾಡಿದ ‘ನಿಪುಣ್ ಭಾರತ್’ ಯೋಜನೆಯ ಗುರಿಯೂ ಇದೇ. 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಅರ್ಥ ಮಾಡಿಕೊಂಡು ಓದಲು, ಬರೆಯಲು, ಸರಳ ಲೆಕ್ಕ ಮಾಡಲು ಬರಬೇಕು. ನಾಲ್ಕನೇ ತರಗತಿಯಿಂದ ಪರಿಸರ ಅಧ್ಯಯನ, ಗಣಿತ ಎಲ್ಲವನ್ನೂ ಮಗು ಓದಿಯೇ ತಿಳಿಯಬೇಕು. ಅಲ್ಲಿಯವರೆಗೆ ಅಕ್ಷರ ಕೈಗೆ ಹತ್ತದಿದ್ದರೆ ಉಳಿದ ವಿಷಯಗಳೂ ಹಿಂದೆ ಬೀಳುತ್ತವೆ. ಅದಕ್ಕೇ ಒಂದರಿಂದ ಮೂರನೇ ತರಗತಿವರೆಗಿನ ಕಾಲ ಕಳೆಯಬಾರದು.

‘ಅ ಆ ಇ ಈ ಬರೋದಿಲ್ಲ’ ಅಂತ ಗಾಬರಿ ಬೇಡ

ಒಂದನೇ ತರಗತಿ ಮಗುವನ್ನು ‘ಅ ಆ ಇ ಈ ಹೇಳು’ ಅಂದರೆ ಕೆಲವೊಮ್ಮೆ ‘ರ ಗ ಸ ದ ಅ’ ಅಂತ ಶುರು ಮಾಡುತ್ತದೆ. ಪಾಲಕರು ‘ಸಾಲ್ಯಾಗ ಏನೂ ಕಲಿಸಿಲ್ಲ’ ಅಂತ ಸಿಟ್ಟಾಗ್ತಾರೆ. ಇದು ತಪ್ಪಲ್ಲ. ಸರ್ಕಾರಿ ಶಾಲೆಗಳ ‘ನಲಿ-ಕಲಿ’ ಪದ್ಧತಿಯಲ್ಲಿ ವರ್ಣಮಾಲೆಯ ಕ್ರಮದಲ್ಲಿ ಅಕ್ಷರ ಕಲಿಸೋದಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲೂಕಿನಲ್ಲಿ ಶುರುವಾದ ಈ ಪದ್ಧತಿ 2009-10ರಲ್ಲಿ ರಾಜ್ಯದ ಎಲ್ಲೆಡೆಗೆ ಬಂತು.

ಮೊದಲ ಗುಂಪು ರ, ಗ, ಸ, ದ, ಅ. ಈ ಐದೇ ಅಕ್ಷರಗಳಿಂದ ಸರ, ದರ, ಅರಸ, ಅಗಸ, ಗರಗಸ ಎಂಬ ಪದ ಆಗುತ್ತವೆ. ಮುಂದಿನ ಗುಂಪು ಜ, ವ, ಮ, ಬ, ನ. ಇವು ಸೇರಿದರೆ ಮರ, ಜನ, ದನ, ನಗರ, ಬಸವ. ಐವತ್ತು ಅಕ್ಷರ ಬಾಯಿಪಾಠ ಆಗುವವರೆಗೆ ಕಾಯದೆ, ಮೊದಲ ವಾರಗಳಲ್ಲೇ ಮಗು ಪದ ಓದಲಿ ಅನ್ನೋದು ಇದರ ಉದ್ದೇಶ. ಮನೆಯಲ್ಲಿ ಸಹಾಯ ಮಾಡುವವರು ಮಗು ಈಗ ಯಾವ ಗುಂಪಿನಲ್ಲಿದೆ ಅಂತ ಶಿಕ್ಷಕರನ್ನು ಕೇಳಿ, ಅದೇ ಅಕ್ಷರಗಳಿಂದ ಪದ ಮಾಡಿಸೋದು ಒಳ್ಳೆಯದು. ಶಾಲೆ ಒಂದು ದಾರಿ, ಮನೆ ಒಂದು ದಾರಿ ಆದರೆ ಮಗುವಿಗೆ ಎರಡು ಪಟ್ಟು ಹೊರೆ. ಅಂಗಡಿಯಲ್ಲಿ ಸಿಗುವ ಅಂಕಲಿಪಿ ಬೇಡ ಅಂತಲ್ಲ, ಅದು ಆಮೇಲೆ ಕ್ರಮ ಕಲಿಯಲು ಬೇಕಾಗುತ್ತದೆ.

ತಪ್ಪು 1: ಆಡಿದ ಹಾಗೆ ಬರೆಯೋದು

ಈ ಭಾಗದ ಕನ್ನಡ ಮನೆಗಳಲ್ಲಿ ‘ಮನೆ’ ಅನ್ನೋದಿಲ್ಲ, ‘ಮನಿ’ ಅಂತಾರೆ. ಎಣ್ಣೆ ಅಲ್ಲ ಎಣ್ಣಿ, ಶಾಲೆ ಅಲ್ಲ ಸಾಲಿ, ತೋಟ ಅಲ್ಲ ತ್ವಾಟ, ಜೋಳ ಅಲ್ಲ ಜ್ವಾಳ, ಮೇಲೆ ಅಲ್ಲ ಮ್ಯಾಲ, ಊರು ಅಲ್ಲ ಊರ. ಮಗು ತಾನು ಕೇಳಿದ್ದನ್ನು ಸರಿಯಾಗಿಯೇ ಬರೆದಿರುತ್ತದೆ. ಕಿವಿಗೆ ಬಿದ್ದ ಸದ್ದನ್ನು ಅಕ್ಷರಕ್ಕೆ ಇಳಿಸೋದು ಅದಕ್ಕೆ ಬಂದಿದೆ ಅಂತಲೇ ಅರ್ಥ. ಕಲಿಯಬೇಕಾದದ್ದು ಇನ್ನೊಂದೇ ಹೆಜ್ಜೆ.

ಈ ವ್ಯತ್ಯಾಸಕ್ಕೆ ಲೆಕ್ಕವಿದೆ. ಪುಸ್ತಕದಲ್ಲಿ ಪದದ ಕೊನೆಗೆ ಬರುವ ‘ಎ’ ನಮ್ಮ ಬಾಯಲ್ಲಿ ‘ಇ’ ಆಗುತ್ತದೆ: ಮನೆ-ಮನಿ, ಎಲೆ-ಎಲಿ. ಮೊದಲ ಅಕ್ಷರದ ‘ಏ’ ಹೋಗಿ ‘ಯಾ’ ಆಗುತ್ತದೆ: ಬೇಳೆ-ಬ್ಯಾಳಿ. ‘ಓ’ ಹೋಗಿ ‘ವಾ’ ಆಗುತ್ತದೆ: ತೋಟ-ತ್ವಾಟ, ಗೋಡೆ-ಗ್ವಾಡಿ. ಕೊನೆಯ ‘ಉ’ ಬಿದ್ದು ಹೋಗುತ್ತದೆ: ಹಾಲು-ಹಾಲ, ಕಾಲು-ಕಾಲ.

ಮನೆಯಲ್ಲಿ ಮಾಡಬೇಕಾದದ್ದು: ಒಂದು ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ‘ನಾವು ಅನ್ನೋದು’, ಬಲಕ್ಕೆ ‘ಪುಸ್ತಕ ಅನ್ನೋದು’ ಅಂತ ಬರೆಯಿರಿ. ದಿನಕ್ಕೆ ನಾಲ್ಕೇ ಜೋಡಿ. ಮನಿ-ಮನೆ, ಗ್ವಾಡಿ-ಗೋಡೆ ಅಂತ ಮಗುವೇ ತುಂಬಲಿ. ಇಲ್ಲಿ ಒಂದು ಮಾತು ನೆನಪಿರಲಿ. ‘ಮನಿ ಅನ್ನಬ್ಯಾಡ, ಅದು ತಪ್ಪು’ ಅಂತ ಹೇಳಬಾರದು. ಅಜ್ಜಿ ಆಡುವ ಮಾತು ತಪ್ಪು ಅಂದರೆ ಮಗು ಬಾಯಿ ಮುಚ್ಚುತ್ತದೆ. ‘ಆಡೋದು ಹಿಂಗ, ಬರಿಯೋದು ಹಿಂಗ’ ಅಂದರೆ ಸಾಕು.

ತಪ್ಪು 2: ಬಾರಾಖಡಿಗೆ ಹನ್ನೆರಡು, ಕಾಗುಣಿತಕ್ಕೆ ಹದಿನೈದು

ನಿಪ್ಪಾಣಿ, ಕಾಗವಾಡ ಕಡೆ ಮನೆಯಲ್ಲಿ ಮರಾಠಿ ಆಡುವ ಮಕ್ಕಳು ‘ಕೊಡು’ ಬದಲು ‘ಕೋಡು’, ‘ಕೆರೆ’ ಬದಲು ‘ಕೇರೇ’ ಬರೆಯೋದುಂಟು. ಕಾರಣ ಲಿಪಿಯಲ್ಲೇ ಇದೆ. ಮರಾಠಿ ಬಾರಾಖಡಿ ಹೆಸರೇ ಹೇಳುವಂತೆ ಹನ್ನೆರಡು ರೂಪಗಳದ್ದು: ಕ, ಕಾ, ಕಿ, ಕೀ, ಕು, ಕೂ, ಕೇ, ಕೈ, ಕೋ, ಕೌ, ಕಂ, ಕಃ. ನಮ್ಮ ಶಾಲೆಯ ಕಾಗುಣಿತದಲ್ಲಿ ಹದಿನೈದು. ಹೆಚ್ಚಿನ ಮೂರು ಯಾವುವು ಅಂದರೆ ಕೃ, ಕೆ, ಕೊ.

ಅಂದರೆ ಗಿಡ್ಡ ‘ಎ’, ಗಿಡ್ಡ ‘ಒ’ಗೆ ಮರಾಠಿಯಲ್ಲಿ ಬೇರೆ ಅಕ್ಷರವೇ ಇಲ್ಲ. ಆ ಮಗುವಿಗೆ ಕೆ, ಕೇ ಎರಡೂ ಒಂದೇ ಥರ ಕೇಳಿಸುತ್ತವೆ. ಹತ್ತು ಸಲ ‘ಸರಿ ಬರಿ’ ಅಂದರೂ ಪ್ರಯೋಜನ ಇಲ್ಲ, ಮೊದಲು ಕಿವಿಗೆ ವ್ಯತ್ಯಾಸ ತಿಳಿಯಬೇಕು.

ಮಾಡಬೇಕಾದದ್ದು: ಅರ್ಥ ಬದಲಾಗುವ ಜೋಡಿ ಪದ ಆರಿಸಿಕೊಳ್ಳಿ. ಬೆಳೆ-ಬೇಳೆ, ಕೊಡು-ಕೋಡು, ಕೊಳ-ಕೋಳ. ದೊಡ್ಡವರು ಒಂದು ಪದ ಹೇಳಲಿ. ಗಿಡ್ಡ ಸ್ವರವಾದರೆ ಮಗು ಒಂದು ಚಪ್ಪಾಳೆ ತಟ್ಟಲಿ, ಉದ್ದ ಸ್ವರವಾದರೆ ಎರಡೂ ಕೈ ಅಗಲಿಸಲಿ. ಬರೆಯೋದು ಆಮೇಲೆ. ಅ-ಆ, ಇ-ಈ, ಉ-ಊ ಗೊಂದಲಕ್ಕೂ ಇದೇ ಆಟ ನಡೆಯುತ್ತದೆ.

ಇನ್ನೆರಡು ವಿಷಯ ಗಮನಿಸಿ. ಮರಾಠಿ ಪದಗಳ ಕೊನೆಯ ‘ಇ’ಯನ್ನು ದೀರ್ಘ ಬರೆಯೋದು ವಾಡಿಕೆ. ಮರಾಠಿ ಫಲಕದಲ್ಲಿ ಚಿಕೋಡೀ, ನಿಪಾಣೀ, ಅಥಣೀ ಅಂತ ಇರುತ್ತದೆ. ಕನ್ನಡದಲ್ಲಿ ಚಿಕ್ಕೋಡಿ, ನಿಪ್ಪಾಣಿ, ಅಥಣಿ. ಒತ್ತು ಹೆಚ್ಚು, ಕೊನೆಗೆ ಗಿಡ್ಡ. ಎರಡನೆಯದು, ಮರಾಠಿಯಲ್ಲಿ ‘ಘರ’ ಅಂತ ಬರೆದು ‘ಘರ್’ ಅಂತ ಓದ್ತಾರೆ. ಕನ್ನಡದಲ್ಲಿ ‘ಮರ’ ಬರೆದರೆ ಕೊನೆಯ ‘ರ’ ಪೂರ್ತಿ ಓದಬೇಕು, ಅರ್ಧ ನಿಲ್ಲಿಸಬೇಕಾದರೆ ‘ಬಸ್’ ಎಂಬಂತೆ ಮೇಲೆ ಗುರುತು ಹಾಕಬೇಕು.

ಮರಾಠಿ ಮನೆಯ ಮಕ್ಕಳಿಗೆ ಲಾಭವೂ ಇದೆ. ಖ, ಘ, ಧ, ಭ ಥರದ ಮಹಾಪ್ರಾಣ ಅವರ ದಿನದ ಮಾತಿನಲ್ಲೇ ಇವೆ. ಣ, ಳ ಕೂಡ ಇವೆ. ಹೀಗಾಗಿ ‘ಅಥಣಿ’ ಬರೆಯಲು ಅವರಿಗೆ ಕಷ್ಟ ಕಡಿಮೆ, ಕನ್ನಡ ಮನೆಯ ಮಗು ‘ಅತಣಿ’ ಬರೆಯೋದು ಹೆಚ್ಚು. ಒಂದೇ ಬೆಂಚಿನಲ್ಲಿ ಕೂರುವ ಇಬ್ಬರೂ ಒಬ್ಬರಿಂದೊಬ್ಬರು ಕಲಿಯಬಹುದು.

ತಪ್ಪು 3: ಮಹಾಪ್ರಾಣ

ಅಚ್ಚ ಕನ್ನಡ ಪದಗಳಲ್ಲಿ ಮಹಾಪ್ರಾಣ ಅಪರೂಪ. ಅದು ಬರೋದು ಹೆಚ್ಚಾಗಿ ಸಂಸ್ಕೃತ, ಹಿಂದಿ, ಮರಾಠಿ, ಉರ್ದು ಕಡೆಯಿಂದ ಬಂದ ಪದಗಳಲ್ಲಿ: ಖಾರ, ಧಾರವಾಡ, ಭಾರತ, ಫಲ. ಅಂಗೈಯನ್ನು ಬಾಯಿ ಮುಂದೆ ಹಿಡಿದು ‘ಕ-ಖ’, ‘ಪ-ಫ’ ಅನ್ನಿಸಿ. ಮಹಾಪ್ರಾಣಕ್ಕೆ ಉಸಿರು ಅಂಗೈಗೆ ಬಡಿಯುತ್ತದೆ. ಸಣ್ಣ ಕಾಗದದ ಚೂರು ಹಿಡಿದರೆ ಅದು ಹಾರುತ್ತದೆ, ಮಕ್ಕಳಿಗೆ ಖುಷಿ.

ದ-ಧ, ಡ-ಢ, ಬ-ಭ ನೋಡಲೂ ಹೆಚ್ಚುಕಡಿಮೆ ಒಂದೇ ಥರ. ಇಲ್ಲಿ ಕಿವಿ ಜೊತೆ ಕಣ್ಣಿಗೂ ಅಭ್ಯಾಸ ಬೇಕು. ಪಕ್ಕಪಕ್ಕ ದೊಡ್ಡದಾಗಿ ಬರೆದು ‘ಎಲ್ಲಿ ಸೀಳು ಐತಿ, ತೋರ್ಸು’ ಅಂತ ಬೆರಳಿಟ್ಟು ಕೇಳಬೇಕು.

ತಪ್ಪು 4: ಒತ್ತಕ್ಷರ

ಹೆಚ್ಚು ಮಕ್ಕಳು ಎಡವುವ ಜಾಗ ಇದು. ‘ರಸ್ತೆ’ ಪದ ನೋಡಿ. ಕಿವಿಗೆ ಬೀಳೋದು ರ, ಸ್, ತೆ. ‘ಎ’ ಸದ್ದು ಬರೋದು ತ ಆದ ಮೇಲೆ. ಆದರೆ ಬರೆಯುವಾಗ ಎತ್ವ ಸೇರೋದು ಮೇಲಿನ ಸ ಅಕ್ಷರಕ್ಕೆ, ತ ಕೆಳಗೆ ಹೋಗುತ್ತದೆ. ಕೇಳುವ ಕ್ರಮ ಒಂದು, ಬರೆಯುವ ಕ್ರಮ ಇನ್ನೊಂದು. ಮಗು ‘ರಸತೆ’ ಅಂತಲೋ ‘ರತ್ಸೆ’ ಅಂತಲೋ ಬರೆಯೋದು ಇದಕ್ಕೇ. ಮರಾಠಿ ಲಿಪಿಯಲ್ಲಿ ಮೊದಲ ಅಕ್ಷರ ಅರ್ಧ ಮಾಡಿ ಎರಡನೆಯದನ್ನು ಪೂರ್ತಿ ಬರೀತಾರೆ, ಕನ್ನಡದಲ್ಲಿ ಮೊದಲನೆಯದು ಪೂರ್ತಿ, ಎರಡನೆಯದು ಒತ್ತು. ಎರಡೂ ಲಿಪಿ ಕಲಿಯುವ ಮಗುವಿಗೆ ಇದು ಉಲ್ಟಾ ಅನ್ನಿಸುತ್ತದೆ.

ಮೂರು ಹೆಜ್ಜೆಯಲ್ಲಿ ಹೇಳಿಕೊಡಬೇಕು. ಒಂದು, ಪದವನ್ನು ಬಾಯಲ್ಲಿ ಬಿಡಿಸು: ರ, ಸ್, ತೆ. ಎರಡು, ನಿಂತ ಅಕ್ಷರ ಸ, ಕೊನೆಯ ಸ್ವರ ಎ, ಎರಡೂ ಸೇರಿಸಿ ‘ಸೆ’ ಬರೆ. ಮೂರು, ಕೆಳಗೆ ತ ಒತ್ತು ಹಾಕು, ‘ಸ್ತೆ’ ಆಯಿತು.

ಮೊದಲು ಅದೇ ಅಕ್ಷರದ ಒತ್ತು (ಅಕ್ಕ, ಅಮ್ಮ, ಬೆಲ್ಲ, ಚಪ್ಪಲಿ), ಆಮೇಲೆ ಬೇರೆ ಅಕ್ಷರದ ಒತ್ತು (ರಸ್ತೆ, ಪುಸ್ತಕ, ಚಂದ್ರ). ಒತ್ತಿದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು ಅಂತ ತೋರಿಸಲು ಕತೆ-ಕತ್ತೆ ಜೋಡಿ ಚೆನ್ನಾಗಿದೆ, ನಕ್ಕು ನೆನಪಿಟ್ಟುಕೊಳ್ತಾರೆ.

ಎಲ್ಲ 34 ವ್ಯಂಜನಗಳ ಒತ್ತು ಬಾಯಿಪಾಠ ಮಾಡಬೇಕು ಅಂತ ಹೆದರಿಸಬೇಡಿ. ಹೆಚ್ಚಿನ ಒತ್ತುಗಳು ಮೂಲ ಅಕ್ಷರದ ತಲೆಕಟ್ಟು ತೆಗೆದ ಚಿಕ್ಕ ರೂಪವೇ. ರೂಪ ಪೂರ್ತಿ ಬದಲಾಗೋದು ಮುಖ್ಯವಾಗಿ ತ, ನ, ಮ, ಯ, ರ, ಲ. ಈ ಆರನ್ನು ಗೋಡೆಗೆ ಬರೆದು ಅಂಟಿಸಿದರೆ ಅರ್ಧ ಕೆಲಸ ಆಯಿತು.

ಬಸ್ ಫಲಕವೇ ಪಾಠ

ಪುಸ್ತಕ ಕೊಳ್ಳಬೇಕಿಲ್ಲ. ನಮ್ಮ ಊರು-ನದಿಗಳ ಹೆಸರಿನಲ್ಲೇ ಕನ್ನಡದ ಎಲ್ಲ ತೊಡಕೂ ಸಿಗುತ್ತವೆ.

- ಚಿಕ್ಕೋಡಿ: ಓತ್ವ ಮೇಲಿನ ಕ ಅಕ್ಷರಕ್ಕೆ, ಕೆಳಗೆ ಕ ಒತ್ತು.
- ನಿಪ್ಪಾಣಿ: ಪ ಒತ್ತು, ದೀರ್ಘ, ಕೊನೆಗೆ ‘ನಿ’ ಅಲ್ಲ ‘ಣಿ’.
- ಅಥಣಿ: ಮಹಾಪ್ರಾಣ ಥ.
- ರಾಯಬಾಗ, ಕಾಗವಾಡ: ಎಲ್ಲಿ ದೀರ್ಘ, ಎಲ್ಲಿ ಗಿಡ್ಡ ಅಂತ ಎಣಿಸಲು.
- ಮುಗಳಖೋಡ, ಖಡಕಲಾಟ: ಕ ಅಲ್ಲ ಖ.
- ಶೇಡಬಾಳ: ಆಡುವಾಗ ಸ ಆಗುವ ಶ, ಕೊನೆಗೆ ಳ.
- ಐನಾಪುರ: ‘ಅಯಿ’ ಅಲ್ಲ ‘ಐ’.
- ತೆಲಸಂಗ: ಗಿಡ್ಡ ‘ತೆ’.
- ಉಗಾರ ಖುರ್ದ: ರ್ ಸದ್ದು ಮೊದಲು ಕೇಳುತ್ತದೆ, ಅರ್ಕಾವೊತ್ತು ಆಮೇಲೆ ಬರೆಯೋದು.
- ಅಂಕಲಿ, ಮಾಂಜರಿ, ಯಕ್ಸಂಬಾ: ಮೂರರಲ್ಲೂ ಒಂದೇ ಸೊನ್ನೆ, ಸದ್ದು ಮಾತ್ರ ಮುಂದಿನ ಅಕ್ಷರ ನೋಡಿ ಬದಲಾಗುತ್ತದೆ. ‘ಅನಕಲಿ’, ‘ಯಕ್ಸಮಬಾ’ ಅಂತ ಬರೆಯುವ ಮಗುವಿಗೆ ಇದನ್ನು ತಿಳಿಸಬೇಕು.
- ಕೃಷ್ಣಾ: ಬಾರಾಖಡಿಯಲ್ಲಿ ಇಲ್ಲದ ‘ಕೃ’, ಜೊತೆಗೆ ಷ ಕೆಳಗೆ ಣ ಒತ್ತು.

ಬಸ್ಸಿನಲ್ಲಿ ಹೋಗುವಾಗ ಮಗು ಫಲಕ ಓದಲಿ, ಮನೆಗೆ ಬಂದು ನೋಡದೆ ಬರೆಯಲಿ. ದಿನಕ್ಕೆ ಎರಡು ಹೆಸರು ಸಾಕು.

ಅಂಗಡಿಕಾರರ ಪಾತ್ರ ದೊಡ್ಡದು

ಮಕ್ಕಳು ಪುಸ್ತಕಕ್ಕಿಂತ ಮೊದಲು ಓದೋದು ಬೋರ್ಡು. ಚಿಪ್ಸ್ ಪೊಟ್ಟಣ, ಅಂಗಡಿ ಹೆಸರು, ಜಾತ್ರೆ-ಹುಟ್ಟುಹಬ್ಬದ ಬ್ಯಾನರು. 2024ರ ತಿದ್ದುಪಡಿ ಪ್ರಕಾರ ವ್ಯಾಪಾರ ಮಳಿಗೆಗಳ ನಾಮಫಲಕದಲ್ಲಿ ಶೇ.60ರಷ್ಟು ಕನ್ನಡ ಇರಬೇಕು. ಕನ್ನಡ ಬಂತು, ಅದು ಸರಿಯಾದ ಕನ್ನಡವೂ ಆದರೆ ಪೇಟೆಯೇ ಶಾಲೆ ಆಗುತ್ತದೆ.

ಬ್ಯಾನರುಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳು ಕೆಲವೇ. ‘ಶುಭಾಷಯ’ ಅಲ್ಲ ಶುಭಾಶಯ. ‘ಹಾರ್ಧಿಕ’ ಅಲ್ಲ ಹಾರ್ದಿಕ. ‘ವಿಧ್ಯಾರ್ಥಿ’ ಅಲ್ಲ ವಿದ್ಯಾರ್ಥಿ. ‘ಅದ್ಯಕ್ಷ’ ಅಲ್ಲ ಅಧ್ಯಕ್ಷ. ‘ಉದ್ಗಾಟನೆ’ ಅಲ್ಲ ಉದ್ಘಾಟನೆ. ‘ಶ್ರದ್ದಾಂಜಲಿ’ ಅಲ್ಲ ಶ್ರದ್ಧಾಂಜಲಿ. ಫ್ಲೆಕ್ಸ್ ಪ್ರಿಂಟ್ ಆಗುವ ಮೊದಲು ಮೊಬೈಲ್‌ಗೆ ಬರುವ ನಮೂನೆಯನ್ನು ಪರಿಚಯದ ಒಬ್ಬ ಶಿಕ್ಷಕರಿಗೆ ತೋರಿಸಿದರೆ ಎರಡು ನಿಮಿಷದ ಕೆಲಸ. ಒಮ್ಮೆ ಕಟ್ಟಿದ ತಪ್ಪು ತಿಂಗಳುಗಟ್ಟಲೆ ನೂರಾರು ಮಕ್ಕಳ ಕಣ್ಣಿಗೆ ಬೀಳುತ್ತಿರುತ್ತದೆ.

ಅಂಗಡಿಯಲ್ಲೇ ಬೆಳೆಯುವ ಮಕ್ಕಳಿಗೆ ಇನ್ನೂ ಒಳ್ಳೆಯ ಅವಕಾಶ. ಡಬ್ಬಿಗಳ ಮೇಲೆ ಬೆಲ್ಲ, ಸಕ್ಕರೆ, ಉಪ್ಪು, ಶೇಂಗಾ, ಪುಟಾಣಿ, ಅವಲಕ್ಕಿ ಅಂತ ಚೀಟಿ ಬರೆಯುವ ಕೆಲಸ ಅವರಿಗೆ ಕೊಡಿ. ಯಾದಿ ತಂದ ಮಗುವಿನ ತಪ್ಪು ಕಂಡರೆ ನಾಲ್ಕು ಜನರ ಮುಂದೆ ನಗದೆ, ಅದೇ ಚೀಟಿಯ ಹಿಂದೆ ಸರಿ ಪದ ಬರೆದು ವಾಪಸ್ ಕೊಡಬಹುದು.

ಹತ್ತು ನಿಮಿಷ ಹೀಗೆ

ಮೊದಲ ಮೂರು ನಿಮಿಷ ಬಾಯಿಮಾತು: ಐದು ಪದ ಹೇಳಿ, ಬಿಡಿಸಿ ಹೇಳಿಸೋದು. ಇದಕ್ಕೆ ಪಾಟಿ ಬೇಡ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತ ಕೂತ ತಾಯಿಯೂ, ಅಡುಗೆ ಮಾಡುವವರೂ ಕೈ ನಿಲ್ಲಿಸದೆ ಮಾಡಬಹುದು. ಓದು ಬಾರದ ಪಾಲಕರೂ ಮಾಡಬಹುದು. ಮುಂದಿನ ನಾಲ್ಕು ನಿಮಿಷ ಅವೇ ಐದು ಪದ ಬರೆಯೋದು. ಕೊನೆಯ ಮೂರು ನಿಮಿಷ ತಪ್ಪು ನೋಡೋದು.

ತಪ್ಪಾದಾಗ ಇಡೀ ಪದ ಅಳಿಸಿ ‘ಮತ್ತ ಬರಿ’ ಅನ್ನೋದು ಬೇಡ. ‘ನಿಪಾಣಿ’ ಅಂತ ಬರೆದಿದ್ದರೆ ಮೂರರಲ್ಲಿ ಎರಡು ಅಕ್ಷರ ಸರಿ ಇವೆ. ಸರಿ ಇದ್ದವಕ್ಕೆ ಗುರುತು ಹಾಕಿ, ‘ಪಾ ಹತ್ರ ಏನೋ ಬಿಟ್ಟೈತಿ, ಇನ್ನೊಮ್ಮೆ ಅಂದ ನೋಡು’ ಅಂತ ಕೇಳಿ. ಮಗುವೇ ಒತ್ತು ಹುಡುಕಿದರೆ ಅದು ಉಳಿಯುತ್ತದೆ. ಒಂದೇ ಪದ ಐವತ್ತು ಸಲ ಬರೆಸಿದರೆ ಕೈ ಬರೆಯುತ್ತದೆ, ತಲೆ ಕಲಿಯೋದಿಲ್ಲ. ಅದರ ಬದಲು ಇವತ್ತು, ನಾಳೆ, ಮತ್ತೆ ಒಂದು ವಾರ ಬಿಟ್ಟು ಒಂದೊಂದು ಸಲ ಕೇಳಬೇಕು.

ಇಂಗ್ಲಿಷ್ ಸ್ಪೆಲಿಂಗ್ ಥರ ಕನ್ನಡ ಬಾಯಿಪಾಠ ಮಾಡಿಸುವ ಪದ್ಧತಿಯೂ ಬೇಡ. ಇಂಗ್ಲಿಷಿನಲ್ಲಿ ಬರೆಯೋದು ಒಂದು, ಓದೋದು ಇನ್ನೊಂದು, ಹಾಗಾಗಿ ಕಂಠಪಾಠ ಬೇಕಾಗುತ್ತದೆ. ಕನ್ನಡದಲ್ಲಿ ಬಹುಪಾಲು ಬರೆದ ಹಾಗೆ ಓದು. ಸದ್ದು ಹಿಡಿದವನಿಗೆ ಹೊಸ ಪದವೂ ಬರೆಯಲು ಬರುತ್ತದೆ.

ಯಾವಾಗ ಹೆಚ್ಚಿನ ಸಹಾಯ ಬೇಕು?

ಕೆಲವು ತಿಂಗಳು ಹೀಗೆ ಮಾಡಿದರೂ ಮಗು ನಿನ್ನೆ ಬರೆದ ಅಕ್ಷರ ಇವತ್ತು ಗುರುತಿಸದಿದ್ದರೆ, ಅಕ್ಷರಗಳನ್ನು ಹಿಂದುಮುಂದು ಮಾಡುತ್ತಲೇ ಇದ್ದರೆ, ಹಲಗೆ ನೋಡಲು ಕಣ್ಣು ಕಿರಿದು ಮಾಡಿದರೆ, ಕರೆದರೆ ಬೇಗ ತಿರುಗದಿದ್ದರೆ ಮೊದಲು ಕಣ್ಣು, ಕಿವಿ ತೋರಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯಕೀಯ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬಂದು ತಪಾಸಣೆ ಮಾಡುತ್ತವೆ. ಆ ದಿನ ಮಗುವನ್ನು ಶಾಲೆ ತಪ್ಪಿಸಬೇಡಿ.

ಕಣ್ಣು-ಕಿವಿ ಸರಿ ಇದ್ದೂ ತೊಂದರೆ ಉಳಿದರೆ ಅದು ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಗುರುತಿಸಿದೆ. ಇಂಥ ಮಕ್ಕಳು ಜಾಣರೇ ಇರುತ್ತಾರೆ, ಕಲಿಸುವ ರೀತಿ ಬೇರೆ ಬೇಕು ಅಷ್ಟೇ. ತರಗತಿ ಶಿಕ್ಷಕರ ಜೊತೆ ಮಾತಾಡಿ, ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕೇಳಬಹುದು.

ಮಳೆಗಾಲದಲ್ಲಿ ಕೃಷ್ಣಾ, ದೂಧಗಂಗಾ ತುಂಬಿ ಬಂದು ನದಿ ದಂಡೆಯ ಊರುಗಳಲ್ಲಿ ಶಾಲೆ ಮುಚ್ಚುವ ದಿನಗಳೂ, ಕಬ್ಬಿನ ಹಂಗಾಮಿನಲ್ಲಿ ಮಕ್ಕಳು ಹೊಲದಲ್ಲೇ ಉಳಿಯುವ ದಿನಗಳೂ ನಮ್ಮಲ್ಲಿ ಇವೆ. ಆ ದಿನಗಳಲ್ಲೂ ಬಾಯಿಮಾತಿನ ಮೂರು ನಿಮಿಷ ನಿಲ್ಲದಿದ್ದರೆ ಕಲಿತ ಅಕ್ಷರ ಮರೆಯೋದಿಲ್ಲ. ಇವತ್ತು ಸಂಜೆ ಸಂತೆಗೆ ಹೋಗುವ ಮೊದಲು ಯಾದಿ ಬರೆಯಲು ಮಗುವಿನ ಕೈಗೇ ಪೆನ್ಸಿಲ್ ಕೊಡಿ. ‘ಬೆಳೆ’ ಅಂತ ಬರೆದರೆ ಬೈಯಬೇಡಿ. ‘ಹೊಲದ್ದೋ, ಡಬ್ಬ್ಯಾಂದೋ?’ ಅಂತ ಕೇಳಿ. ಅದೇ ತಿದ್ದಿಕೊಳ್ಳುತ್ತದೆ.